ಶೆನಂಡೋವಾ ಕಣಿವೆಯ ಆ ಶನಿವಾರಗಳು

ವರ್ಜೀನಿಯಾದಲ್ಲಿ ಮಕ್ಕಳನ್ನು ಬೆಳೆಸಿದ ನಮ್ಮ ವಯಸ್ಸಿನ ಕನ್ನಡದವರು ಎಲ್ಲಿ ಸೇರಿದರೂ ಮಾತು ಸುತ್ತಿ ಬಳಸಿ ಶೆನಂಡೋವಾ ಕಣಿವೆಗೇ ಬಂದು ನಿಲ್ಲುತ್ತದೆ. ಶನಿವಾರ ಬೆಳಿಗ್ಗೆ ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಹ್ಯಾರಿಸನ್‌ಬರ್ಗ್ ದಾಟಿ ಡೇಟನ್ ಕಡೆ ಹೊರಳಿದರೆ ಕಪ್ಪು ಕುದುರೆಗಾಡಿಗಳು ಎದುರಾಗುತ್ತಿದ್ದವು. ಗಾಡಿಯಲ್ಲಿ ಓಲ್ಡ್ ಆರ್ಡರ್ ಮೆನೊನೈಟ್ ಎಂಬ ಕ್ರೈಸ್ತ ಪಂಥದವರು. ಅಂಥದೇ ಇನ್ನೊಂದು ಪಂಥವಾದ ಆಮಿಶರ ಹಾಗೆಯೇ ಕಾರಿನ ಗೊಡವೆ ಬೇಡವೆಂದವರು. ಒಳಗಿದ್ದ ಮಕ್ಕಳು ಇಣುಕಿ ನೋಡಿದರೆ ನಮ್ಮ ಮಕ್ಕಳಿಗೆ ಹಿಗ್ಗೋ ಹಿಗ್ಗು.

ಬರುವಾಗ ವೇನ್ಸ್‌ಬರೋದಲ್ಲಿ ಇಳಿಯುತ್ತಿದ್ದೆವು. ಚಿತ್ರಕಲಾವಿದೆ ಪಿ. ಬಕ್ಲಿ (ಪ್ಯಾಟ್) ಮಾಸ್ ಅವರ ಮ್ಯೂಸಿಯಂ ಆಗ ಅಲ್ಲಿತ್ತು. 1933ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಹುಟ್ಟಿದ ಪ್ಯಾಟ್ ಮಾಸ್, ಗಂಡನ ಕೆಲಸದ ಸಲುವಾಗಿ 1964ರಲ್ಲಿ ಆ ಊರಿಗೆ ಬಂದು ನೆಲೆಸಿದ್ದರು. ಆರು ಮಕ್ಕಳನ್ನು ಸಾಕುತ್ತಲೇ ಕಣಿವೆಯ ಮೆನೊನೈಟ್, ಆಮಿಶ್ ಮನೆಗಳ ಬದುಕನ್ನು ಚಿತ್ರಕ್ಕಿಳಿಸಿದರು.

ಅವರ ಚಳಿಗಾಲದ ಚಿತ್ರಗಳ ಮುಂದೆ ನಮಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬಿಳಿ ಬಯಲು, ನೂಲಿನೆಳೆಯಂಥ ಬೋಳು ಕೊಂಬೆಗಳು. ಕಪ್ಪು ಉಡುಪು, ಬಿಳಿ ಟೋಪಿಯ ನೀಳ ಹೆಂಗಸರು. ಕೈ ಕೈ ಹಿಡಿದು ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರುವ ಮಕ್ಕಳು, ಪಕ್ಕದಲ್ಲಿ ಸಾಲುಗಟ್ಟಿದ ಹೆಬ್ಬಾತುಗಳು. ಕೌದಿ ಹೊಲಿಯುತ್ತ ಕೂತ ಹೆಂಗಸರ ಚಿತ್ರ ಕಂಡರೆ ನಮ್ಮ ಜೊತೆಗಿದ್ದ ಧಾರವಾಡದ ಅಕ್ಕನವರು ತಮ್ಮ ಅವ್ವನ ಟ್ರಂಕಿನಲ್ಲಿದ್ದ ಹಳೇ ಸೀರೆಗಳ ಕಥೆ ತೆಗೆಯುತ್ತಿದ್ದರು. "ಅಮ್ಮಾ, ಇವರಿಗೆ ಹೋಮ್‌ವರ್ಕ್ ಇಲ್ವಾ?" ಎಂದು ನನ್ನ ಮಗಳು ಆ ಜಾರುವ ಮಕ್ಕಳನ್ನು ತೋರಿಸಿ ಕೇಳಿದ್ದಳು. ಆಮಿಶ್ ಮಕ್ಕಳ ಶಾಲೆ ಎಂಟನೇ ತರಗತಿಗೇ ಮುಗಿಯುತ್ತದೆ, ಆಮೇಲೆ ಹೊಲ, ಹಟ್ಟಿ, ಅಡುಗೆಮನೆಯಲ್ಲೇ ಕಲಿಕೆ, 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಇದಕ್ಕೆ ಒಪ್ಪಿಗೆ ಕೊಟ್ಟಿದೆ ಎಂದು ಅವಳಪ್ಪ ತಿಳಿಸಿ ಹೇಳಿದರು. ಅವಳ ಕಣ್ಣೆಲ್ಲ ಆ ಹೆಬ್ಬಾತುಗಳ ಮೇಲೆಯೇ ಇತ್ತು.

ಪ್ಯಾಟ್ ಮಾಸ್ ಅವರಿಗೆ ಬಾಲ್ಯದಿಂದಲೂ ಡಿಸ್ಲೆಕ್ಸಿಯಾ. ಓದಲಾಗದೆ ದಡ್ಡಿ ಎನಿಸಿಕೊಂಡ ಹುಡುಗಿಯನ್ನು ಕೈಹಿಡಿದದ್ದು ಚಿತ್ರಕಲೆ. ಅದೇ ಅವರನ್ನು ನ್ಯೂಯಾರ್ಕಿನ ಕೂಪರ್ ಯೂನಿಯನ್ ಕಾಲೇಜಿನವರೆಗೆ ಕರೆದೊಯ್ದಿತು. ಎಲ್ಲರಂತಿಲ್ಲದ ಜನರನ್ನು ಅವರು ಅಷ್ಟು ಅಕ್ಕರೆಯಿಂದ ಚಿತ್ರಿಸಿದ್ದು ಇದರಿಂದಲೇ ಎಂದು ನಾನು ನಂಬಿದ್ದೇನೆ. ನಮ್ಮ ಗುಂಪಿನಲ್ಲೂ ಅಕ್ಷರಗಳ ಜೊತೆ ಗುದ್ದಾಡುತ್ತಿದ್ದ ಹುಡುಗನೊಬ್ಬನಿದ್ದ. ಮ್ಯೂಸಿಯಂನಲ್ಲಿ ಈ ವಿಷಯ ತಿಳಿದ ದಿನ ಅವನ ತಾಯಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮುಂದಿನ ಶನಿವಾರದಿಂದ ಅವನ ಚೀಲದಲ್ಲಿ ಬಣ್ಣದ ಡಬ್ಬಿ ತಪ್ಪಲಿಲ್ಲ.

ಪ್ಯಾಟ್ ಮಾಸ್ 2024ರಲ್ಲಿ ತೀರಿಕೊಂಡರು. ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗೆ ಕಲೆಯ ಮೂಲಕ ಪಾಠ ಮುಟ್ಟಿಸಬೇಕೆಂದು 1995ರಲ್ಲಿ ಅವರ ಹೆಸರಿನಲ್ಲೇ ಪ್ರತಿಷ್ಠಾನ ಶುರುವಾಗಿತ್ತು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ತರಗತಿಯಲ್ಲಿ ಓದಲು ತಡವರಿಸುವ ಮಗುವಿದ್ದರೆ ದಯವಿಟ್ಟು ಬೈಯಬೇಡಿ. ಕೈಗೊಂದು ಕುಂಚ ಕೊಟ್ಟು ನೋಡಿ.