ದಣಿವಾರುವಷ್ಟು ಹೊತ್ತು

ನಮ್ಮ ರಸ್ತೆಯಲ್ಲಿ ಈಚೆಗೆ ‘ಹೇಗಿದ್ದೀರಿ?’ ಅಂದರೆ ‘ಚೆನ್ನಾಗಿದ್ದೀವಿ’ ಅನ್ನುವವರು ಕಡಿಮೆಯಾಗಿದ್ದಾರೆ. ‘ಸುಸ್ತು’ ಅನ್ನುತ್ತಾರೆ. ಹಾಲಿನ ಬೂತಿನ ಹುಡುಗ ಬೆಳಗ್ಗೆ ಆರಕ್ಕೇ ಸುಸ್ತು. ಪಕ್ಕದ ಮನೆಯ ಅಕ್ಕ ಮೊಮ್ಮಗನನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬರುವಷ್ಟರಲ್ಲಿ ಸುಸ್ತು. ಯುಕೆಜಿ ಓದುವ ಆ ಮೊಮ್ಮಗ ಸಂಜೆ ವ್ಯಾನಿನಿಂದ ಇಳಿದು, ಬ್ಯಾಗನ್ನು ಅಜ್ಜಿಯ ಕೈಗೆ ದಾಟಿಸಿ, ದೊಡ್ಡವರ ಹಾಗೆ ಹಣೆಗೆ ಕೈಯಿಟ್ಟು ‘ಸುಸ್ತಾಯ್ತಜ್ಜಿ’ ಅನ್ನುತ್ತಾನೆ. ನನ್ನ ಮಗಳು ವಿಜಯನಗರದಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡಿಗೆ ಹೋಗಿ ಬರುವವಳು. ಚಪ್ಪಲಿ ಬಿಡುವುದಕ್ಕೂ ಮೊದಲು ಆ ಮಾತನ್ನು ಹೊಸ್ತಿಲ ಮೇಲೆ ಇಳಿಸುತ್ತಾಳೆ.

ಮಾತು ಕಿವಿಗೆ ಕಿರಿಕಿರಿ ಮಾಡತೊಡಗಿದ್ದು ಆಮೇಲೆ. ನನ್ನ ಅಮ್ಮ ಈ ಪದ ಆಡಿದ್ದು ನನಗೆ ನೆನಪಿಲ್ಲ. ಒಲೆ, ಒರಳು, ಬಾವಿಯ ಹಗ್ಗ, ಐದು ಮಕ್ಕಳು ಎಲ್ಲ ಇದ್ದವು ಅವಳಿಗೆ. ಅವಳು ‘ದಣಿವಾಗಿದೆ ಕಣೆ’ ಅನ್ನುತ್ತಿದ್ದಳು. ಎರಡೂ ಒಂದೇ ಅಲ್ಲವೇ ಅಂದುಕೊಂಡು ಬಿಟ್ಟುಬಿಡಬಹುದಿತ್ತು. ಆದರೆ ಒಂದೇ ಅಲ್ಲ. ಸುಸ್ತು ಪಾರಸಿಯಿಂದ ಬಂದ ಮಾತು. ಅಲ್ಲಿ ‘ಸುಸ್ತ್’ ಅಂದರೆ ಸಡಿಲ, ದುರ್ಬಲ. ಅದಕ್ಕೆ ಕೆಲಸ ಮಾಡಿಯೇ ಇರಬೇಕು ಅಂತಿಲ್ಲ, ಹಾಸಿಗೆಯಿಂದ ಏಳುವಾಗಲೂ ಇರಬಹುದು. ದಣಿವು ಹಾಗಲ್ಲ. ಅದರ ಹಿಂದೆ ಯಾವಾಗಲೂ ಒಂದು ಕೆಲಸವಿರುತ್ತದೆ, ಮುಂದೆ ಒಂದು ವಿಶ್ರಾಂತಿ ಇರುತ್ತದೆ. ‘ಮನದಣಿಯೆ ಹಾಡಿದ, ಕಣ್ದಣಿಯೆ ನೋಡಿದ’ ಅನ್ನುವಾಗಲೂ ನನ್ನ ಕಿವಿಗೆ ಆ ದಣಿವೇ ಕೇಳಿಸುತ್ತದೆ. ಅದು ‘ತಣಿಯೆ’ ಕಣಮ್ಮ, ಆದೇಶ ಸಂಧಿಯಲ್ಲಿ ತಕಾರ ದಕಾರವಾಗಿದೆ ಎಂದು ಕನ್ನಡ ಮೇಷ್ಟ್ರಾಗಿದ್ದ ನಮ್ಮ ಭಾವ ತಿದ್ದುತ್ತಾರೆ. ಭಾವನ ವ್ಯಾಕರಣ ಸರಿ. ಆದರೂ ದಣಿಯುವುದೂ ತಣಿಯುವುದೂ ಇಷ್ಟು ಹತ್ತಿರ ಕೂತಿರುವ ಭಾಷೆಯಲ್ಲಿ ಹುಟ್ಟಿದ್ದು ನನಗೆ ಸಂತೋಷ.

ದಣಿವಿನ ಜೊತೆಗೆ ಕನ್ನಡ ಇನ್ನೊಂದನ್ನೂ ಕೊಟ್ಟಿದೆ: ಆರುವುದು. ಹಿಂಡಿ ಹರವಿದ ಬಟ್ಟೆ ಆರುತ್ತದೆ. ಉಕ್ಕಿದ ಹಾಲು ಆರುತ್ತದೆ. ಬಿದ್ದು ತರಚಿದ ಮಂಡಿಯ ಗಾಯ ಆರುತ್ತದೆ. ದಣಿವೂ ಆರುತ್ತದೆ. ಇವಕ್ಕೆಲ್ಲ ಬೇಕಾದ್ದು ಒಂದಿಷ್ಟು ಗಾಳಿ, ಒಂದಿಷ್ಟು ಹೊತ್ತು. ಯಾರೂ ಏನನ್ನೂ ಸೇರಿಸಬೇಕಾಗಿಲ್ಲ, ಮುಟ್ಟದೆ ಬಿಟ್ಟರೆ ಸಾಕು. ‘ದಣಿವಾರಿಸಿಕೊಂಡು ಹೋಗಿ’ ಅಂತ ಬಂದವರಿಗೆ ಹೇಳುತ್ತಿದ್ದೆವು. ‘ಸುಸ್ತಾರಿಸಿಕೊಳ್ಳಿ’ ಅಂತ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಆ ಪದ ಬಂದಾಗ ಆರುವ ಹೊತ್ತು ಜೊತೆಯಲ್ಲಿ ಬರಲಿಲ್ಲ.

ಅಪ್ಪ ಕೆಲಸ ಮಾಡುತ್ತಿದ್ದದ್ದು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ. ಆಗ ಆ ಕಡೆಯೆಲ್ಲ ಸೈರನ್ನಿನ ಊರು. ಕೈಗಾರಿಕಾ ಉಪನಗರವಾಗಿ ಬೆಳೆದ ಜಾಗ. ಶಿಫ್ಟು ಮುಗಿದಾಗ ಸೈರನ್ನು ಕೂಗುತ್ತಿತ್ತು, ಬೀದಿ ತುಂಬ ಸೈಕಲ್ಲು. ಬಸವೇಶ್ವರನಗರದಲ್ಲಿ ಆಗಷ್ಟೇ ಕಟ್ಟಿದ್ದ ನಮ್ಮ ಮನೆಗೆ ಅಪ್ಪ ಕಾರ್ಡ್ ರಸ್ತೆ ದಾಟಿ ಬರುತ್ತಿದ್ದರು. ಸೈಕಲ್ಲು ಗೋಡೆಗೆ ಒರಗಿಸಿ, ಕಾಲಿಗೆ ನೀರು ಹಾಕಿಕೊಂಡು, ಜಗಲಿಯ ಮೇಲೆ ಕೂರುವರು. ಅಮ್ಮ ಒಂದು ತಂಬಿಗೆ ನೀರು, ಅಂಗೈಯಷ್ಟು ಬೆಲ್ಲ ತಂದಿಡುವಳು. ಬೇಸಿಗೆಯಾದರೆ ಉಪ್ಪು, ಇಂಗು, ಕರಿಬೇವು ಹಾಕಿದ ನೀರು ಮಜ್ಜಿಗೆ. ಬೆವರಿನಲ್ಲಿ ಹೋದ ನೀರೂ ಉಪ್ಪೂ ಆ ಲೋಟದಲ್ಲಿ ವಾಪಸು ಬರುತ್ತಿದ್ದವು. ಆ ಹತ್ತು ಹದಿನೈದು ನಿಮಿಷ ನಾವು ಮಕ್ಕಳು ಹತ್ತಿರ ಸುಳಿಯುವ ಹಾಗಿರಲಿಲ್ಲ. ‘ಅಪ್ಪ ದಣಿವಾರಿಸ್ಕೋತಿದ್ದಾರೆ’ ಅಂದರೆ ಅದು ದೇವರ ಮನೆಯ ಬಾಗಿಲು ಹಾಕಿದ ಹಾಗೆ. ಶಾಲೆಯ ಫೀಸು, ಕಾರ್ಖಾನೆ ಮಾಲೀಕರ ಹತ್ತಿರದ ಜಗಳ, ಊರಿಂದ ಬಂದ ಕಾಗದ ಎಲ್ಲ ಆಮೇಲೆ.

ಅಪ್ಪ ಆಗ ಮೆಲ್ಲಗೆ, ಬಾಯಿ ತೆರೆಯದೆ, ತಮಗೆ ಬರುತ್ತಿದ್ದ ಒಂದೇ ಒಂದು ದೇವರನಾಮ ಗುನುಗುವರು. ಒಂದು ಸಾಲಿಗೆ ಒಂದು ಉಸಿರು. ಅದು ಭಕ್ತಿ ಅಂತಷ್ಟೇ ತಿಳಿದಿದ್ದೆ. 2001ರಲ್ಲಿ ಇಟಲಿಯ ಪಾವಿಯಾದ ವೈದ್ಯ ಲೂಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆ ಹೇಳುವವರ ಉಸಿರೂ ‘ಓಂ ಮಣಿ ಪದ್ಮೇ ಹುಂ’ ಹೇಳುವವರ ಉಸಿರೂ ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ; ಆ ಲಯಕ್ಕೆ ಎದೆಬಡಿತವೂ ರಕ್ತದೊತ್ತಡದ ಏರಿಳಿತವೂ ಹೊಂದಿಕೊಳ್ಳುತ್ತವೆ ಎಂದು ಅದರಲ್ಲಿದೆ. ನಾವು ಸುಮ್ಮನೆ ಕೂತಾಗ ನಿಮಿಷಕ್ಕೆ ಹನ್ನೆರಡರ ಮೇಲೆ ಉಸಿರಾಡುತ್ತೇವೆ. ಅದನ್ನು ಓದಿದ ದಿನ ನಾನು ಗಡಿಯಾರ ಮುಂದಿಟ್ಟುಕೊಂಡು ಅಪ್ಪನ ಹಾಡನ್ನು ಗುನುಗಿ ನೋಡಿದೆ. ಆರೂವರೆ ಬಂತು. ಎದ್ದು ಅಪ್ಪನ ಫೋಟೊ ಒರೆಸಿದೆ.

ಜಗಲಿ ಈಗಿಲ್ಲ. ಮೂವತ್ತು ನಲವತ್ತರ ಸೈಟು. ಕಾರು ಬಂದಾಗ ಜಗಲಿ ಒಡೆದೆವು. ಆ ದಿನ ಯಾರಿಗೂ ಏನೂ ಅನ್ನಿಸಲಿಲ್ಲ. ಕೆಡವಿದ ಚಪ್ಪಡಿ ಹಿತ್ತಿಲ ಗೋಡೆಗೆ ಒರಗಿಕೊಂಡು ಹದಿನೆಂಟು ವರ್ಷವಾಯಿತು.

ಮಗಳ ಸುಸ್ತಿನ ವಿಚಾರದಲ್ಲಿ ನಾನು ಮೊದಲು ಮಾಡಿದ ಕೆಲಸ ರಕ್ತಪರೀಕ್ಷೆ ಮಾಡಿಸಿದ್ದು. ಇದನ್ನು ಎಲ್ಲ ತಾಯಂದಿರಿಗೂ ಹೇಳಬೇಕು. ಹಿಮೋಗ್ಲೋಬಿನ್ 9.8 ಬಂತು, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅಂತಲೇ ಲೆಕ್ಕ. ವಾರಗಟ್ಟಲೆ ಮಲಗಿ ಎದ್ದರೂ ಆರದ ದಣಿವನ್ನು ಮನೆಮದ್ದಿಗೆ ಒಪ್ಪಿಸಿ ಕೂರಬಾರದು. ಥೈರಾಯ್ಡ್, ಬಿ12 ಕೂಡ ನೋಡಿಸಬೇಕು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರು. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ, ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರವಿರಲಿ ಅಂದರು. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ, ಕಾಫಿ ಅದನ್ನು ತಡೆಯುತ್ತದೆ. ಮೂರು ತಿಂಗಳಿಗೆ ಕೆನ್ನೆಗೆ ಬಣ್ಣ ಬಂತು.

ಕಾಫಿ ಮಾತ್ರ ಕಷ್ಟ. ಆಫೀಸಿನಲ್ಲಿ ಸಂಜೆ ಆರಕ್ಕೆ ಒಂದು ಲೋಟ. ದುಡಿದ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಹೊತ್ತು ಹೋದಂತೆ ಕೂಡಿಕೊಂಡು ‘ಇವತ್ತಿಗೆ ಸಾಕು’ ಅನ್ನುತ್ತದೆ. ಕೆಫೀನು ಅದು ಕೂರಬೇಕಾದ ಜಾಗದಲ್ಲಿ ತಾನು ಕೂತು ಆ ಮಾತು ಕೇಳಿಸದ ಹಾಗೆ ಮಾಡುತ್ತದೆ. ದಣಿವು ಎಲ್ಲಿಗೂ ಹೋಗಿರುವುದಿಲ್ಲ, ಬಾಗಿಲ ಹೊರಗೆ ನಿಂತಿರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು 5 ಗಂಟೆ ಬೇಕು. ಅಂದರೆ ರಾತ್ರಿ ಹನ್ನೊಂದಕ್ಕೆ ನನ್ನ ಮಗಳ ಮೈಯಲ್ಲಿ ಇನ್ನೂ ಅರ್ಧ ಲೋಟ ಕಾಫಿ ಎಚ್ಚರವಾಗಿರುತ್ತದೆ. ಇದನ್ನು ಹೇಳಿದರೆ ‘ಅಮ್ಮಾ, ಮಧ್ಯದಲ್ಲಿ ನಿಲ್ಲೋಕೆ ಎಲ್ಲಿ ಜಾಗ ಇದೆ ಹೇಳು’ ಅಂದಳು.

ಎಲ್ಲಿ ಜಾಗ ಇದೆ? ಆ ಪ್ರಶ್ನೆ ಹಿಡಿದುಕೊಂಡು ಒಂದು ಭಾನುವಾರ ಮಾಗಡಿ ರಸ್ತೆಯಲ್ಲಿ ಬಸ್ಸು ಹತ್ತಿ ಪಶ್ಚಿಮಕ್ಕೆ ಹೋದೆ.

ಈ ರಸ್ತೆಯ ನಿಲ್ದಾಣಗಳ ಹೆಸರು ಕೇಳಿ. ವಿಜಯನಗರದ ಅಂಚಿನಲ್ಲಿ ಟೋಲ್‌ಗೇಟ್. ಕಾಮಾಕ್ಷಿಪಾಳ್ಯ ದಾಟಿ ಮುಂದೆ ಹೋದರೆ ಸುಂಕದಕಟ್ಟೆ. ಕಂಡಕ್ಟರು ಎರಡನ್ನೂ ದಿನಕ್ಕೆ ನೂರು ಸಲ ಕೂಗುತ್ತಾನೆ. ಒಂದು ಇಂಗ್ಲಿಷು, ಒಂದು ಕನ್ನಡ, ಅರ್ಥ ಒಂದೇ. ಊರೊಳಗೆ ಹೋಗುವ ಸರಕು ನಿಂತು ಸುಂಕ ಕಟ್ಟುವ ಜಾಗ. ಸುಂಕ ಕೊಡುವುದು ಯಾರಿಗೂ ಇಷ್ಟವಿರಲಿಕ್ಕಿಲ್ಲ. ಆದರೆ ಕಟ್ಟೆ ಬಂದಾಗ ಗಾಡಿ ನಿಲ್ಲುತ್ತಿತ್ತು. ಎತ್ತು ನೊಗದ ಕೆಳಗೆ ಕತ್ತು ಒಮ್ಮೆ ಕೊಡವಿಕೊಳ್ಳುತ್ತಿತ್ತು. ಗಾಡಿಯವನು ಇಳಿದು ಸೊಂಟ ನೆಟ್ಟಗೆ ಮಾಡುತ್ತಿದ್ದ. ನಮ್ಮ ಹಳೆಯ ದಾರಿಗಳನ್ನು ಮಾಡಿದವರಿಗೆ ಒಂದು ವಿಷಯ ಗೊತ್ತಿತ್ತು: ದಾರಿ ಅಂದರೆ ಹೋಗುವ ಜಾಗವಷ್ಟೇ ಅಲ್ಲ, ನಿಲ್ಲುವ ಜಾಗಗಳನ್ನು ಪೋಣಿಸಿದ ದಾರ.

ಅರವಟ್ಟಿಗೆಯನ್ನೇ ತೆಗೆದುಕೊಳ್ಳಿ. ಶಾಸನಗಳಲ್ಲಿ ಅದು ಅರವಂಟಿಗೆ. ದಾರಿಹೋಕರಿಗೆ ನೀರು ಕೊಡುವ ಚಪ್ಪರ ನಡೆಯಲಿ ಅಂತ ಭೂಮಿಯನ್ನು ದತ್ತಿ ಬಿಟ್ಟಿದ್ದಾರೆ. ಹೆಸರಿನ ಮೊದಲಲ್ಲಿರುವ ‘ಅರ’ ಹಳಗನ್ನಡದಲ್ಲಿ ಧರ್ಮ. ಬಾಯಾರಿದವನಿಗೆ ನೀರು ಕೊಡುವುದನ್ನು ಧರ್ಮವೆಂದು ಕಲ್ಲಿನಲ್ಲಿ ಕೊರೆದಿಟ್ಟ ಜನ ನಾವು. ಅದರ ಒಡಹುಟ್ಟು ಹೊರೆಗಲ್ಲು. ನೋಡದವರಿಗೆ ಹೇಳುತ್ತೇನೆ: ನೆಟ್ಟಗೆ ಹೂತ ಎರಡು ಕಲ್ಲು, ಅವುಗಳ ಮೇಲೆ ಅಡ್ಡಕ್ಕೆ ಒಂದು ಚಪ್ಪಡಿ. ಕೂರುವುದಕ್ಕೆ ಅದು ಬಹಳ ಎತ್ತರ, ಮಲಗುವುದಕ್ಕೆ ಕಿರಿದು. ಅಳತೆಯೆಲ್ಲ ತಲೆಹೊರೆಯವರದು. ತಲೆಯ ಮೇಲಿನ ಮೂಟೆಯನ್ನು ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಿಕೊಳ್ಳಲು ಇನ್ನೊಬ್ಬರು ಬೇಕು. ಒಂಟಿ ದಾರಿಯಲ್ಲಿ ಯಾರು ಸಿಗುತ್ತಾರೆ? ಈ ಕಲ್ಲಿನ ಮುಂದೆ ತುಸು ಬಗ್ಗಿದರೆ ಹೊರೆ ತಾನಾಗಿ ಜಾರಿ ಅದರ ಮೇಲೆ ಕೂರುತ್ತದೆ. ದಣಿವು ಆರಿದ ಮೇಲೆ ತಲೆ ಕೊಟ್ಟರೆ ತಾನಾಗಿ ಬಂದು ಏರುತ್ತದೆ. ಯಾರ ಹಂಗೂ ಇಲ್ಲ. ತಮಿಳುನಾಡಿನಲ್ಲಿ ಇದನ್ನು ಸುಮೈತಾಂಗಿ ಅನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಗಳ ನೆನಪಿಗೆ ಅದನ್ನು ನಿಲ್ಲಿಸುವ ರೂಢಿ ಅಲ್ಲಿತ್ತು. ಅವಳಿಗೆ ಇಳಿಸಲಾಗದ ಹೊರೆಯನ್ನು ದಾರಿಯಲ್ಲಿ ಹೋಗುವ ಬೇರೆಯವರಾದರೂ ಇಳಿಸಿಕೊಳ್ಳಲಿ ಅಂತ. ಇದನ್ನು ಮೊದಲು ಕೇಳಿದಾಗ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ.

ನೀರಾಯಿತು, ಕಲ್ಲಾಯಿತು. ಇನ್ನು ನೆರಳು. ಇದೇ ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ ತಿಮ್ಮಕ್ಕ ಇದ್ದರು. ಓದು ಬರಹವಿಲ್ಲ, ಕೂಲಿ ಕೆಲಸ, ಮಕ್ಕಳಿಲ್ಲ. ಗಂಡ ಚಿಕ್ಕಯ್ಯ ಮತ್ತು ಅವರು ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಆಲದ ಸಸಿ ನೆಡತೊಡಗಿದರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಬಿಂದಿಗೆಯಲ್ಲಿ ನೀರು ಹೊತ್ತು ನಡೆದು ಹಾಕಿದರು, ದನ ಮೇಯದ ಹಾಗೆ ಮುಳ್ಳುಬೇಲಿ ಕಟ್ಟಿದರು. ಸಾಲು 385 ಮರಗಳದ್ದಾಯಿತು. ಹಗಲೆಲ್ಲ ಕೂಲಿ ಮಾಡಿ ದಣಿದವರು ಬೇರೆಯವರ ದಣಿವಾರಲಿ ಅಂತ ಮತ್ತೆ ನೀರು ಹೊರುವುದಕ್ಕೆ ಶಕ್ತಿ ಎಲ್ಲಿಂದ ತಂದರು? 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರಿನಲ್ಲಿ, ನೂರು ದಾಟಿ ಎಷ್ಟೋ ವರ್ಷವಾದ ಮೇಲೆ ಸಾಲುಮರದ ತಿಮ್ಮಕ್ಕ ಹೋದರು. ಶಕ್ತಿ ಹೆಚ್ಚಿಸಿಕೊಳ್ಳುವುದು ಹೇಗೆ ಅಂತ ಯಾರಾದರೂ ಕೇಳಿದರೆ ನನಗೆ ಆ ಬಿಂದಿಗೆಯೇ ಕಣ್ಣಿಗೆ ಬರುತ್ತದೆ. ಏನನ್ನೋ ಕುಡಿದು ತುಂಬಿಕೊಂಡ ಶಕ್ತಿಯಲ್ಲ ಅದು. ಗಿಡ ಕಾಯುತ್ತಿದೆ ಅನ್ನುವ ನೆನಪು ಎಬ್ಬಿಸಿದ ಶಕ್ತಿ.

ಬಸ್ಸಿಳಿದು ವಾಪಸು ಬರುವಾಗ ದಾರಿಯುದ್ದಕ್ಕೂ ಎಣಿಸಿದೆ. ಅಂಗಡಿಗಳಿದ್ದವು, ಹೋಟೆಲುಗಳಿದ್ದವು. ದುಡ್ಡು ಕೊಡದೆ ಐದು ನಿಮಿಷ ಕೂರುವಂಥ ಜಾಗ ಅಂತ ನನ್ನ ಕಣ್ಣಿಗೆ ಬಿದ್ದದ್ದು ಎರಡು ಅಶ್ವತ್ಥಕಟ್ಟೆ, ನಾಗರಕಲ್ಲುಗಳ ಜೊತೆ.

ವರ್ಷದಲ್ಲಿ ಒಂದು ದಿನ ಮಾತ್ರ ನಮ್ಮ ಪಶ್ಚಿಮ ಬೆಂಗಳೂರು ಹಳೆಯ ದಾರಿಯಾಗುತ್ತದೆ. ರಾಮನವಮಿ. ರಾಜಾಜಿನಗರದ ರಾಮಮಂದಿರದ ಸುತ್ತಲೂ, ವಿಜಯನಗರದಲ್ಲಿ, ನಮ್ಮ ಅಡ್ಡರಸ್ತೆಗಳಲ್ಲಿ ಶಾಮಿಯಾನ, ಕೆಳಗೆ ಡ್ರಮ್ಮು. ಬೆಲ್ಲ, ಏಲಕ್ಕಿ, ಮೆಣಸು, ನಿಂಬೆಹಣ್ಣಿನ ಪಾನಕ, ನೀರು ಮಜ್ಜಿಗೆ, ದೊನ್ನೆಯಲ್ಲಿ ಹೆಸರುಬೇಳೆ ಕೋಸಂಬರಿ. ಬಸ್ಸು ನಿಲ್ಲಿಸಿ ಡ್ರೈವರಿಗೆ ಕಿಟಕಿಯಿಂದ ಕೊಡುತ್ತಾರೆ. ಚೈತ್ರದ ಬಿಸಿಲಿಗೆ ನೀರು, ಉಪ್ಪು, ಸಕ್ಕರೆ ಮೂರೂ ಬೇಕೆಂದು ಹಿರಿಯರು ಹಬ್ಬದೊಳಗೇ ಇಟ್ಟಿದ್ದಾರೆ. ಕಳೆದ ಸಲ ನಾನು ಲೋಟ ತುಂಬುವ ಕಡೆ ನಿಂತಿದ್ದೆ. ಊಟ ತಲುಪಿಸುವ ಹುಡುಗನೊಬ್ಬ ಬೈಕು ನಿಲ್ಲಿಸಿದ. ಬೆನ್ನ ಮೇಲೆ ಪೆಟ್ಟಿಗೆಯಂಥ ಬ್ಯಾಗು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪಾನಕ. ‘ಬ್ಯಾಗ್ ಇಳಿಸ್ಕೊಳಪ್ಪ, ಎರಡು ನಿಮಿಷ’ ಅಂದೆ. ಅವನು ಸುತ್ತ ನೋಡಿ, ‘ಕೆಳಗಿಟ್ರೆ ಊಟಕ್ಕೆ ಧೂಳು ಆಗುತ್ತಮ್ಮ’ ಅಂದ. ನಿಂತೇ ಕುಡಿದು, ಲೋಟ ಕೈಗೆ ಕೊಟ್ಟು ಹೋದ.

ತಲೆಹೊರೆಯವನು ಅವನೇ. ಇಷ್ಟು ದಿನ ನಾನು ಅವನಿಗೆ ಗೇಟಿನಲ್ಲಿ ಒಟಿಪಿ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಮೊನ್ನೆ ಮೇಸ್ತ್ರಿಯನ್ನು ಕರೆಸಿದೆ. ಹಿತ್ತಿಲ ಚಪ್ಪಡಿಯನ್ನು ಅರ್ಧ ಮಾಡಿ, ಗೇಟಿನ ಕಂಬದ ಪಕ್ಕ, ನಮ್ಮ ಗಡಿಯೊಳಗೇ, ಬೀದಿಗೆ ಮುಖ ಮಾಡಿ ಕೂರಿಸಬೇಕು. ಒಂದು ತುಂಡು ಕೂರುವ ಎತ್ತರಕ್ಕೆ, ಇನ್ನೊಂದು ಅದರ ಮಗ್ಗುಲಿಗೆ, ಎತ್ತರವಾಗಿ. ಕಾರನ್ನು ಒಂದಡಿ ಹಿಂದೆ ತಳ್ಳಿದರೆ ಜಾಗ ಆಗುತ್ತದೆ. ಮಗಳು ಟೇಪು ಹಿಡಿದುಕೊಂಡು ತಾನೇ ಬಂದಳು.

ಮೇಸ್ತ್ರಿ ಕೂರುವ ಕಲ್ಲಿಗೆ ಗುರುತು ಹಾಕಿ, ‘ಇದೇನೋ ಸರಿ. ಆ ಮೇಲಿಂದು ಯಾಕಮ್ಮ ಅಷ್ಟೆತ್ತರ? ಹೂಕುಂಡ ಇಡ್ತೀರಾ?’ ಅಂದ.

ನಾನು ಮಗಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದೆ. ಅವಳ ಆಫೀಸಿನ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಅದರ ತಳ ಗೋಡೆಗೆ ತಾಗಿದ ಕಡೆ ಮೇಸ್ತ್ರಿ ಪೆನ್ಸಿಲಿನಲ್ಲಿ ಗೆರೆ ಎಳೆದ.

‘ಇಷ್ಟು ಸಾಕಾ?’

‘ಒಂದಿಂಚು ಮೇಲೆ’ ಅಂದೆ. ‘ಆ ಹುಡುಗ ಇವಳಿಗಿಂತ ಎತ್ತರ ಇದ್ದ.’