ಅವಳು ಮೌನಿಯೋ, ಈಗ ಮೌನವೋ?

ಹೋದ ಬೇಸಿಗೆ ರಜೆಯಲ್ಲಿ ಅಬ್ಬಾ ಅವರ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯಲು ಶುರು ಮಾಡಿದೆ. “ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮಧ್ಯೆ ಅದನ್ನ ಯಾರ ಹತ್ರ ಮಾತಾಡ್ತೀಯಮ್ಮ?” ಎಂದು ಅಬ್ಬಾ ನಗುತ್ತಿದ್ದರು.

ಜನರನ್ನು ವರ್ಣಿಸುವ ಪಾಠ ಬಂದಾಗ ಸುಲಭವೆನಿಸಿತು. ಕನ್ನಡದಲ್ಲಿ ‘ಎತ್ತರದ ಹುಡುಗ’, ‘ಎತ್ತರದ ಹುಡುಗಿ’ ಎನ್ನುತ್ತೇವೆ, ವಿಶೇಷಣ ಬದಲಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಹುಡುಗನಾದರೆ ‘ಆಲ್ತೊ’, ಹುಡುಗಿಯಾದರೆ ‘ಆಲ್ತಾ’. ಮನೆಯಲ್ಲಿ ‘ಲಂಬಾ, ಲಂಬೀ’ ಎನ್ನುವ ನಮಗೆ ಇದು ಹೊಸದಲ್ಲ. ಹೋಲಿಸುವುದೂ ಕಷ್ಟವಲ್ಲ. ಇಂಗ್ಲಿಷಿನ ‘ಟಾಲ್, ಟಾಲರ್, ಟಾಲೆಸ್ಟ್’ ಹಾಗೆ ಪದದ ಬಾಲ ಬೆಳೆಯುವುದಿಲ್ಲ. ‘ಮಾಸ್ ಆಲ್ತಾ ಕೆ ಯೊ’ ಅಂದರೆ ‘ನನಗಿಂತ ಎತ್ತರದವಳು’, ಅಷ್ಟೇ.

ಈ ‘ಗಿಂತ’ದ ತೂಕ ತಿಳಿದದ್ದು ಮೊಳಕಾಲ್ಮೂರಿನ ನಾನಿ ಮನೆಯಲ್ಲಿ. ಖಾಲಾ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ಫೇಲಾಗಿದ್ದಳು. ಮನೆಗೆ ಬಂದವರೆಲ್ಲ ನನ್ನನ್ನು ತೋರಿಸಿ, “ನೋಡು, ನಿನಗಿಂತ ಆಪಾ ಎಷ್ಟು ಹುಷಾರು!” ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಆಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಅವಳು ತಲೆ ತಗ್ಗಿಸಿ ಅಡುಗೆಮನೆಗೆ ಹೋಗುತ್ತಿದ್ದಳು.

ಅಂದು ಸಂಜೆಯ ಅಭ್ಯಾಸ: ‘ಮನೆಯವರೊಬ್ಬರನ್ನು ವರ್ಣಿಸಿ.’ ಅವಳನ್ನೇ ಆರಿಸಿಕೊಂಡೆ. ‘ಮಾತಿಲ್ಲದವಳು’ ಎನ್ನಲು ‘ಕಯಾದಾ’ ಎಂಬ ಪದ ಸಿಕ್ಕಿತು. ಆದರೆ ಅದರ ಹಿಂದೆ ಏನು ಹಾಕಬೇಕು? ಸ್ಪ್ಯಾನಿಷ್‌ನಲ್ಲಿ ‘ಇರು’ ಎನ್ನಲು ಎರಡು ಕ್ರಿಯಾಪದಗಳಿವೆ. ‘ಎಸ್ ಕಯಾದಾ’ ಎಂದರೆ ಮಾತು ಕಡಿಮೆ ಆಡುವುದು ಅವಳ ಸ್ವಭಾವ. ‘ಎಸ್ತಾ ಕಯಾದಾ’ ಎಂದರೆ ಅವಳು ಈಗ ಸುಮ್ಮನಿದ್ದಾಳೆ. ನಾನು ಯೋಚಿಸದೆ ‘ಎಸ್’ ಎಂದು ಬರೆದೆ.

ರಾತ್ರಿ ಮಾಳಿಗೆಯ ಮೇಲೆ ಮಲಗಿದ್ದಾಗ, “ದಿನಾ ಎಲ್ಲಿಗೆ ಹೋಗ್ತೀಯೆ?” ಎಂದು ಕೇಳಿದೆ. ಪಕ್ಕದ ಮನೆಯ ಮಗ್ಗಕ್ಕೆ ಕಂಡಿಕೆ ಸುತ್ತಲು ಎಂದಳು. ಆಮೇಲೆ ಮಾತು ನಿಲ್ಲಲಿಲ್ಲ. ಹಾಸು ಯಾವುದು, ಹೊಕ್ಕು ಯಾವುದು, ಅಂಚಿಗೆ ಬಣ್ಣ ಹೇಗೆ ಹೊಂದಿಸುತ್ತಾರೆ, ಒಂದು ಎಳೆ ತಪ್ಪಿದರೆ ಹೇಗೆ ಗೊತ್ತಾಗುತ್ತದೆ... ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ಎಂದಷ್ಟೇ ನಾನು ಓದಿದ್ದೆ. ಅದು ಹೇಗೆ ಹುಟ್ಟುತ್ತದೆಂದು ಹೇಳಿದವಳು ಇವಳು. ಕೊನೆಗೆ ಮೆಲ್ಲಗೆ, “ಆಪಾ, ನೀನು ಬಂದಾಗೆಲ್ಲ ನಂಗೆ ಮಾತೇ ಬರಲ್ಲ. ಇಬ್ಬರನ್ನೂ ತಕ್ಕಡೀಲಿ ಇಡ್ತಾರೆ” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಬೆಳಿಗ್ಗೆ ಎದ್ದು ‘ಎಸ್’ ಅಳಿಸಿ ‘ಎಸ್ತಾ’ ಎಂದು ಬರೆದೆ. ಮಧ್ಯಾಹ್ನ ಯಾರೋ ಮತ್ತೆ “ನಿನಗಿಂತ ಆಪಾ...” ಎಂದು ಶುರು ಮಾಡಿದಾಗ, “ಮಗ್ಗದ ವಿಷಯ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು” ಎಂದೆ. ಉಳಿದ ರಜೆಯಲ್ಲಿ ಪರೀಕ್ಷೆ-2ಕ್ಕೆ ಇಬ್ಬರೂ ಕೂತು ಲೆಕ್ಕ ಮಾಡಿದೆವು.

ಈ ವ್ಯತ್ಯಾಸ ಕನ್ನಡದಲ್ಲಿ ಇಲ್ಲವೇ? ಇದೆ. ‘ಅವಳು ಮೌನಿ’ ಬೇರೆ, ‘ಅವಳು ಮೌನವಾಗಿದ್ದಾಳೆ’ ಬೇರೆ. ಆದರೂ ಗೆಳೆಯರ ಬಗ್ಗೆ ಹೇಳುವಾಗ ನಾವು ಮೊದಲನೆಯದನ್ನೇ ಬೇಗ ಬಳಸುತ್ತೇವೆ: ದಡ್ಡ, ಸೋಮಾರಿ, ಜಂಬದವಳು. ನಮ್ಮ ತರಗತಿಯ ಕೊನೆಯ ಬೆಂಚಿನಲ್ಲೂ ಯಾರೋ ಸುಮ್ಮನೆ ಕೂತಿರಬಹುದು. ಹೆಸರಿಡುವ ಮೊದಲು ಒಮ್ಮೆ ಪಕ್ಕದಲ್ಲಿ ಕೂತು ಮಾತಾಡಿಸೋಣ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ