ಕೆಂಚನ ಹಿಂಗಾಲು

ಬ್ಯಾರೆಲ್ ರೇಸಿಂಗ್ ನೋಡಲು ಬಂದವರ ಕಣ್ಣು ಮೊದಲು ಹೋಗುವುದು ಸವಾರಳ ಟೋಪಿಯ ಕಡೆಗೆ, ಆಮೇಲೆ ಗಡಿಯಾರದ ಕಡೆಗೆ. ನನ್ನ ಕಣ್ಣು ಹೋಗುವುದು ಕುದುರೆಯ ಹಿಂಗಾಲಿಗೆ. ಟೆಕ್ಸಸ್ಸಿಗೆ ಬಂದು, ಕುದುರೆ ಕಟ್ಟಿಕೊಂಡು ಬಾಳುವುದನ್ನು ಕಲಿತ ಮೇಲೆ ಅಂಟಿದ ಅಭ್ಯಾಸ ಇದು. ಅಖಾಡದಲ್ಲಿ ಮೂರು ಪೀಪಾಯಿಗಳನ್ನು ತ್ರಿಕೋನವಾಗಿ ನಿಲ್ಲಿಸಿರುತ್ತಾರೆ. ಪೂರ್ಣ ಅಳತೆಯ ಅಖಾಡವಾದರೆ ಮೊದಲೆರಡರ ನಡುವೆ 90 ಅಡಿ, ಅವೆರಡರಿಂದ ಮೂರನೆಯದಕ್ಕೆ ತಲಾ 105 ಅಡಿ. ಕುದುರೆ ನಾಗಾಲೋಟದಲ್ಲಿ ಒಳಗೆ ನುಗ್ಗಿ, ಒಂದೊಂದು ಪೀಪಾಯಿಯನ್ನೂ ಸುತ್ತುಹಾಕಿ, ಬಂದ ದಾರಿಯಲ್ಲೇ ಹೊರಗೆ ಹಾರಬೇಕು. ಪೀಪಾಯಿ ಉರುಳಿದರೆ 5 ಸೆಕೆಂಡ್ ದಂಡ. ಒಳ್ಳೆಯ ಕುದುರೆ ಇದೆಲ್ಲವನ್ನೂ ಸುಮಾರು 17 ಸೆಕೆಂಡುಗಳಲ್ಲಿ ಮುಗಿಸಿಬಿಡುತ್ತದೆ.

ಪ್ರತಿ ತಿರುವಿನಲ್ಲೂ ಕುದುರೆ ಸೊಂಟ ತಗ್ಗಿಸಿ ಒಳಬದಿಯ ಹಿಂಗಾಲನ್ನು ಹೊಟ್ಟೆಯ ಕೆಳಗೆ ಊರುತ್ತದೆ. ಐನೂರು ಕಿಲೋ ತೂಗುವ ಮೈ, ಅದರ ಮೇಲೆ ತಡಿ, ತಡಿಯ ಮೇಲೆ ಸವಾರಳು, ಇಷ್ಟೂ ಭಾರ ಆ ಕಾಲಿನ ಮೇಲೆ ಬಿದ್ದು ತಿರುಚಿಕೊಳ್ಳುತ್ತದೆ. ತಿರುಗಿದ ಮರುಕ್ಷಣ ಅದೇ ಕಾಲು ಮಣ್ಣನ್ನು ಒದ್ದು ಮೈಯನ್ನು ಮುಂದಕ್ಕೆ ಚಿಮ್ಮಿಸಬೇಕು. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಥರೋಬ್ರೆಡ್ ಕುದುರೆಗಳ ಓಟ ಕಂಡವರಿಗೆ ಈ ಆಟ ಬೇರೆಯದೇ ಅನ್ನಿಸುತ್ತದೆ. ಅಲ್ಲಿ ಓಟವೇ ಎಲ್ಲ. ಇಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ತಿರುವಿನಲ್ಲಿ. ಇಲ್ಲಿಯವರು ನೆಚ್ಚುವುದು ಕ್ವಾರ್ಟರ್ ಹಾರ್ಸ್ ತಳಿಯನ್ನು. ಕಾಲು ಮೈಲಿಯ ಓಟದಲ್ಲಿ ಹೆಸರು ಮಾಡಿದ ತಳಿ ಅದು. ಗಟ್ಟಿ ಮೈಕಟ್ಟು, ತುಂಬು ತೊಡೆ, ಸಮಾಧಾನದ ಸ್ವಭಾವ. ನನ್ನದು ಕೆಂಗಂದು ಬಣ್ಣದ, ಬೀಜ ಒಡೆಸಿದ ಗಂಡು. ಕಾಗದಪತ್ರದಲ್ಲಿ ಉದ್ದನೆಯ ಇಂಗ್ಲಿಷ್ ಹೆಸರಿದೆ. ಲಾಯದಲ್ಲಿ ಅವನು ಕೆಂಚ. ಈಗ ಅವನಿಗೆ 19 ವರ್ಷ.

ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಕೀಲಿಗೆ ಇಲ್ಲಿಯವರು ‘ಹಾಕ್’ ಎನ್ನುತ್ತಾರೆ. ಕುದುರೆಯ ಮಂಡಿ ಹಿಂದುಮುಂದಾಗಿ ಮಡಚುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಮಂಡಿ ಇರುವುದು ಮೇಲೆ, ಹೊಟ್ಟೆಯ ಪಕ್ಕದಲ್ಲಿ. ಹಾಕ್ ನಮ್ಮ ಹಿಮ್ಮಡಿಗೆ ಸಮನಾದ ಜಾಗ. ಕುದುರೆ ಜೀವಮಾನವಿಡೀ ತುದಿಗಾಲಿನಲ್ಲೇ ನಿಂತಿರುವ ಪ್ರಾಣಿ. ಹೊರಗಿನಿಂದ ಒಂದೇ ಕೀಲಾಗಿ ಕಂಡರೂ ಹಾಕ್‌ನೊಳಗೆ ಒಂದರ ಕೆಳಗೊಂದರಂತೆ ನಾಲ್ಕು ಕೀಲುಗಳಿವೆ. ಕಾಲು ಮಡಚುವ ಕೆಲಸವನ್ನು ಬಹುಪಾಲು ಮೇಲಿನ ದೊಡ್ಡ ಕೀಲೇ ಮಾಡುತ್ತದೆ. ಕೆಳಗಿನ ಎರಡು ಕೀಲುಗಳು ಅಲುಗಾಡುವುದೇ ಕಡಿಮೆ. ಭಾರ ಹೊರುವುದು, ತಿರುಚನ್ನು ತಡೆದುಕೊಳ್ಳುವುದು ಅವುಗಳ ಕೆಲಸ. ವರ್ಷಗಟ್ಟಲೆ ಹೀಗೆ ತಡೆದುಕೊಂಡು ಒಳಗಿನ ಮೃದ್ವಸ್ಥಿ ಸವೆಯುತ್ತದೆ, ಅಂಚಿನಲ್ಲಿ ಮೂಳೆಯ ಮುಳ್ಳುಗಳು ಬೆಳೆಯುತ್ತವೆ, ಎರಡು ಮೂಳೆಗಳ ನಡುವಿನ ಸಂದು ಕಿರಿದಾಗುತ್ತದೆ. ಪೀಪಾಯಿ ಸುತ್ತುವ ಕುದುರೆಗಳಲ್ಲಿ ಬೇಗ ಸೋಲುವ ಜಾಗಗಳಲ್ಲಿ ಇದೂ ಒಂದು.

ಈ ಹವ್ಯಾಸದಲ್ಲಿ ನನಗೆ ಅತಿ ಹೆಚ್ಚು ಸುಖ ಕೊಟ್ಟಿರುವುದು ಕೆಂಚ ಬೆಳಿಗ್ಗೆ ಲಾಯದಿಂದ ಹೊರಗೆ ಇಡುವ ಮೊದಲ ಹೆಜ್ಜೆಗಳನ್ನು ನೋಡುವುದು. ಹಾಕ್ ನೋವು ಕಂಡುಹಿಡಿಯುವುದು ಸುಲಭವಲ್ಲ. ಸಾಮಾನ್ಯವಾಗಿ ಎರಡು ಕಾಲಿಗೂ ಒಟ್ಟಿಗೆ ಬರುವುದರಿಂದ ಕುದುರೆ ಎದ್ದು ಕಾಣುವಂತೆ ಕುಂಟುವುದಿಲ್ಲ. ಎರಡೂ ಹೆಜ್ಜೆಗಳನ್ನು ಗಿಡ್ಡ ಮಾಡಿಕೊಳ್ಳುತ್ತದೆ, ಅಷ್ಟೆ. ನೋವು ಬೇರೆಲ್ಲೋ ತಲೆಯೆತ್ತುತ್ತದೆ. ತಡಿಯ ಹಿಂದೆ ಬೆನ್ನು ಸವರಿದರೆ ಕೆಂಚ ಚರ್ಮ ಅದುರಿಸುತ್ತಾನೆ. ಹಿಂದಕ್ಕೆ ನಡೆಸಿದರೆ ಗೊರಸನ್ನು ಎತ್ತದೆ ಎಳೆಯುತ್ತಾನೆ. ಮಣ್ಣನ್ನು ಹದ ಮಾಡಿದ ಅಖಾಡದಲ್ಲಿ ನಡೆಸಿ ಹಿಂತಿರುಗಿ ನೋಡಿದರೆ ಪ್ರತಿ ಹೆಜ್ಜೆಯ ಮುಂದೆ ಗೊರಸಿನ ತುದಿ ಗೀಚಿದ ಗೆರೆ ಇರುತ್ತದೆ. ಹಿಂಗಾಲಿನ ಲಾಳದ ಮುಂತುದಿ ಚಪ್ಪಟೆಯಾಗಿ ಸವೆದಿರುತ್ತದೆ. ಓಟದಲ್ಲಿ ಮೊದಲ ಪೀಪಾಯಿಯನ್ನು ದಾಟಿ ಒಂದು ಹೆಜ್ಜೆ ಮುಂದೆ ಹೋಗಿ ತಿರುಗುತ್ತಾನೆ, ತಿರುವಿನ ನಡುವೆ ಹಿಂಗಾಲಿನ ಲಯ ಬದಲಿಸಿಬಿಡುತ್ತಾನೆ. ಕೊಬ್ಬಿದ್ದಾನೆ, ಹಟ ಹಿಡಿದಿದ್ದಾನೆ ಎಂದು ಚಾಟಿ ಎತ್ತುವವರಿದ್ದಾರೆ. ಇಷ್ಟು ವರ್ಷ ಮನಸ್ಸಿಟ್ಟು ಓಡಿದ ಕುದುರೆ ಏಕಾಏಕಿ ಬೇಡ ಎನ್ನುತ್ತಿದ್ದರೆ ಅದಕ್ಕೆ ಎಲ್ಲೋ ನೋಯುತ್ತಿದೆ ಎಂದೇ ಅರ್ಥ.

ಮೈಸೂರಿನಿಂದ ಫೋನು ಮಾಡಿದಾಗೆಲ್ಲ ಅಮ್ಮ ಮೊದಲು ಕೇಳುವುದು ಅವನ ಕಾಲಿನ ಸುದ್ದಿ. “ಎದ್ದು ನಾಲ್ಕು ಹೆಜ್ಜೆ ಹಾಕೋವರೆಗೆ ಬಿಗಿ, ಆಮೇಲೆ ಸಲೀಸು, ಅಲ್ವೇನೇ? ನನ್ನ ಮಂಡೀದೂ ಅದೇ ಕಥೆ ಕಣೆ. ಅವನ್ನ ನಿಲ್ಲಿಸಿ ಇಡ್ಬೇಡ, ಓಡಾಡಿಸ್ತಿರು.” ಪಶುವೈದ್ಯರು ಹೇಳುವುದೂ ಇದನ್ನೇ.

ವೈದ್ಯರ ಪರೀಕ್ಷೆ ನೋಡಲು ನನಗೆ ಬಲು ಇಷ್ಟ. ಗಟ್ಟಿ ನೆಲದ ಮೇಲೆ ಕೆಂಚನನ್ನು ನೇರವಾಗಿ ಓಡಿಸಿ ನೋಡುತ್ತಾರೆ, ಆಮೇಲೆ ವೃತ್ತದಲ್ಲಿ. ಬಳಿಕ ಒಂದು ಹಿಂಗಾಲನ್ನು ಎತ್ತಿ, ಮಡಚಿ, ಹೊಟ್ಟೆಗೆ ಒತ್ತಿ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತಾರೆ. ಕಾಲು ಬಿಟ್ಟ ಕೂಡಲೇ ಕುದುರೆಯನ್ನು ಓಡಿಸಬೇಕು. ಮೊದಲ ಕೆಲವು ಹೆಜ್ಜೆಗಳಲ್ಲಿ ಸೊಂಟ ಒಂದು ಕಡೆ ಎತ್ತಿಬಿದ್ದರೆ ಕೀಲಿನಲ್ಲಿ ನೋವಿದೆ ಎಂಬ ಅನುಮಾನ ಬಲವಾಗುತ್ತದೆ. ಹಾಗೆ ಮಡಚಿದಾಗ ಮಂಡಿಯೂ ಮಡಚುವುದರಿಂದ ಇದೊಂದನ್ನೇ ನಂಬುವಂತಿಲ್ಲ. ಕೆಳಗಿನ ಕೀಲಿಗೆ ಮರಗಟ್ಟಿಸುವ ಮದ್ದು ಚುಚ್ಚಿ, ಮತ್ತೆ ಓಡಿಸಿ, ಕುಂಟು ಮಾಯವಾಯಿತೇ ಎಂದು ನೋಡಿದರೆ ಖಾತ್ರಿ. ಎಕ್ಸ್‌ರೇಯನ್ನೂ ಎಚ್ಚರದಿಂದಲೇ ಓದಬೇಕು. ಚಿತ್ರದಲ್ಲಿ ಮೂಳೆ ಕೆಟ್ಟು ಕೂತಿದ್ದರೂ ಹಾಯಾಗಿ ಓಡುವ ಕುದುರೆಗಳಿವೆ. ಚಿತ್ರ ಸ್ವಚ್ಛವಾಗಿದ್ದರೂ ನೋವು ತಿನ್ನುವ ಕುದುರೆಗಳಿವೆ.

ಇನ್ನು ಇಂಜೆಕ್ಷನ್. ಅದು ನಡೆಯುವಾಗ ನಾನು ಕೆಂಚನ ತಲೆಯ ಹತ್ತಿರ ನಿಲ್ಲುತ್ತೇನೆ. ಮಂಪರಿನ ಮದ್ದು ರಕ್ತಕ್ಕೆ ಸೇರುತ್ತಿದ್ದಂತೆ ಅವನ ತಲೆ ನಿಧಾನವಾಗಿ ಇಳಿಯುತ್ತದೆ, ಕೆಳತುಟಿ ಜೋಲುತ್ತದೆ. ಬಾಲವನ್ನು ಸುತ್ತಿ ಕಟ್ಟುತ್ತಾರೆ. ಕೀಲಿನ ಸುತ್ತ ಸೋಂಕುನಾಶಕದಿಂದ ಉಜ್ಜಿ, ಒರೆಸಿ, ಮತ್ತೆ ಉಜ್ಜುತ್ತಾರೆ. ಬಿಳಿ ಬಟ್ಟೆಗೆ ಕೊಳೆಯ ಸುಳಿವೂ ಹತ್ತದಂತಾಗುವ ತನಕ ಇದು ನಿಲ್ಲುವುದಿಲ್ಲ. ಆಮೇಲೆ ವೈದ್ಯರು ಶುದ್ಧ ಕೈಗವಸು ತೊಟ್ಟು, ಹಾಕ್‌ನ ಹೊರಬದಿಯಲ್ಲಿ, ಹಿಂದುಗಡೆಗೆ, ಸಣ್ಣ ಮೂಳೆಯೊಂದರ ತಲೆಯನ್ನು ಬೆರಳಿನಿಂದ ತಡಕುತ್ತಾರೆ. ಅದರ ಮೇಲಿನ ಚಿಕ್ಕ ಗುಳಿಯೇ ಅತಿ ಕೆಳಗಿನ ಕೀಲಿಗೆ ಬಾಗಿಲು. ಸೂಜಿ ಇಳಿದು ಸರಿಯಾದ ಜಾಗ ಸೇರಿದರೆ ಕೆಲವು ಸಲ ಅದರ ತುದಿಯಲ್ಲಿ ಜೇನುಬಣ್ಣದ ಒಂದು ಹನಿ ಮೂಡುತ್ತದೆ. ಅದು ಕೀಲಿನೊಳಗಿನ ದ್ರವ. ಆರೋಗ್ಯವಂತ ಕೀಲಿನ ದ್ರವ ಬೆರಳುಗಳ ನಡುವೆ ಎಳೆಯೆಳೆಯಾಗಿ ಜಗ್ಗುತ್ತದೆ. ಉರಿಯೂತವಿದ್ದರೆ ತೆಳುವಾಗಿ ಜಾರಿಹೋಗುತ್ತದೆ. ಅತಿ ಕೆಳಗಿನ ಕೀಲಿನ ಮೇಲಿರುವ ಕೀಲಿಗೆ ಚುಚ್ಚುವುದು ಒಳಬದಿಯಿಂದ. ಅಲ್ಲಿಯ ಸಂದು ಎಷ್ಟು ಕಿರಿದೆಂದರೆ ಪಳಗಿದ ಕೈಯೂ ತಡವರಿಸುತ್ತದೆ. ಒಳಗೆ ಹೋಗುವ ಮದ್ದು ಕೆಲವೇ ಮಿಲಿಲೀಟರ್: ಟ್ರೈಯಾಮ್ಸಿನೊಲೋನ್‌ನಂಥ ಸ್ಟೀರಾಯ್ಡ್, ಜೊತೆಗೆ ಬಹಳ ಸಲ ಹೈಅಲುರಾನಿಕ್ ಆಸಿಡ್. ಮೊದಲನೆಯದು ಉರಿಯೂತ ತಗ್ಗಿಸುತ್ತದೆ, ಎರಡನೆಯದು ಕೀಲಿನ ಜಾರುತನಕ್ಕೆ ಒತ್ತಾಸೆ.

ಕೆಲವು ದಿನ ವಿಶ್ರಾಂತಿ, ಕೈಯಲ್ಲಿ ಹಿಡಿದು ನಡೆಸುವುದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕೆಲಸ. ಆ ಮೊದಲ ದಿನಗಳಲ್ಲಿ ನಾನು ಹಾಕ್‌ನ ಮೇಲೆ ಅಂಗೈ ಇಟ್ಟು ನೋಡುತ್ತಿರುತ್ತೇನೆ. ಬಿಸಿ, ಊತ, ಕಾಲೂರಲಾಗದಂಥ ಕುಂಟು ಕಂಡರೆ ಕೀಲಿನೊಳಗೆ ಸೋಂಕು ಸೇರಿರಬಹುದು. ಅಪರೂಪ, ಆದರೆ ಕುದುರೆಯ ಪ್ರಾಣಕ್ಕೇ ಕುತ್ತು. ಒಂದು ಗಂಟೆಯೂ ಕಾಯದೆ ವೈದ್ಯರನ್ನು ಕರೆಯಬೇಕು. ವಯಸ್ಸಾದ ಕುದುರೆಗೆ ಇನ್ನೊಂದು ಅಪಾಯವಿದೆ. ಕುಶಿಂಗ್ಸ್ ಕಾಯಿಲೆ ಅಥವಾ ಇನ್ಸುಲಿನ್ ತೊಂದರೆ ಇರುವ ಕುದುರೆಗಳಲ್ಲಿ ಸ್ಟೀರಾಯ್ಡ್ ಗೊರಸಿನೊಳಗಿನ ಉರಿಯೂತಕ್ಕೆ, ಅಂದರೆ ಲ್ಯಾಮಿನೈಟಿಸ್‌ಗೆ, ದಾರಿಯಾಗಬಹುದು. ಆದ್ದರಿಂದ ಮೊದಲು ರಕ್ತಪರೀಕ್ಷೆ ಮಾಡಿಸುವುದು ಜಾಣತನ.

ಫಲ ಸಿಕ್ಕರೆ ಕೆಲವು ತಿಂಗಳಿನಿಂದ ಹಿಡಿದು ವರ್ಷದವರೆಗೂ ನಿಲ್ಲುತ್ತದೆ. ಕೀಲು ಹಳತಾದಷ್ಟೂ ಈ ಅವಧಿ ಕುಗ್ಗುತ್ತದೆ. ಮದ್ದು ಸವೆದುದನ್ನು ಮತ್ತೆ ಬೆಳೆಸುವುದಿಲ್ಲ. ಪ್ರಕೃತಿಯೇ ಇಲ್ಲೊಂದು ದಾರಿ ಇಟ್ಟಿದೆ. ಕೆಳಗಿನ ಆ ಎರಡು ಕೀಲುಗಳು ಹೆಚ್ಚು ಅಲುಗಾಡುವುದಿಲ್ಲವಾದ್ದರಿಂದ, ಮೂಳೆಗೆ ಮೂಳೆ ಬೆಸೆದು ಒಂದಾದರೆ ನೋವು ನಿಲ್ಲುತ್ತದೆ. ಓಟಕ್ಕೆ ದೊಡ್ಡ ನಷ್ಟವೇನೂ ಇಲ್ಲ. ಅದಕ್ಕೆ ವರ್ಷಗಳೇ ಹಿಡಿಯಬಹುದು, ಎಂದಿಗೂ ಪೂರ್ತಿಯಾಗದೆಯೂ ಇರಬಹುದು. ಈಥೈಲ್ ಆಲ್ಕೊಹಾಲ್ ಚುಚ್ಚಿ ಈ ಬೆಸುಗೆಗೆ ವೇಗ ಕೊಡುವ ವಿಧಾನವೂ ಇದೆ. ಆದರೆ ಆ ಕೀಲಿಗೂ ಮೇಲಿನ ದೊಡ್ಡ ಕೀಲಿಗೂ ಸಂಪರ್ಕವಿಲ್ಲವೆಂದು ಎಕ್ಸ್‌ರೇಯಲ್ಲಿ ಎದ್ದುಕಾಣುವ ದ್ರವ ಬಿಟ್ಟು, ಚಿತ್ರ ತೆಗೆದು ಖಚಿತ ಮಾಡಿಕೊಂಡೇ ಅದಕ್ಕೆ ಕೈಹಾಕಬೇಕು.

ಕೀಲಿಗೆ ಸೂಜಿ ಹಾಕಿಸುವ ದಿನ ವರ್ಷಕ್ಕೆ ಒಂದೋ ಎರಡೋ. ಉಳಿದ ದಿನಗಳಲ್ಲಿ ಕೆಂಚನ ಕಾಲು ಕಾಯುವುದು ನಿತ್ಯದ ಕೆಲಸ. ಲಾಳ ಕಟ್ಟುವವನು ಐದಾರು ವಾರಕ್ಕೊಮ್ಮೆ ಬರುತ್ತಾನೆ. ಹಿಂಗೊರಸಿನ ಮುಂಭಾಗ ಉದ್ದವಾಗದಂತೆ ಕೊರೆದು, ಲಾಳದ ಮುಂತುದಿಯನ್ನು ದುಂಡಗೆ ಉಜ್ಜಿ, ಗೊರಸು ನೆಲ ಬಿಟ್ಟೇಳುವುದನ್ನು ಹಗುರ ಮಾಡುತ್ತಾನೆ. ಮೈತೂಕ ಇನ್ನೊಂದು. ನಮ್ಮ ಕಡೆ ಕುದುರೆಗೆ ಹುರುಳಿ ಬೇಯಿಸಿಡುತ್ತಿದ್ದರು; ಇಲ್ಲಿ ಬರ್ಮುಡಾ ಹುಲ್ಲು, ಅಳತೆಯಿಟ್ಟು ಒಂದಿಷ್ಟು ಆಲ್‌ಫಾಲ್ಫಾ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಗೆ ಸಿಗಬೇಕು. ಕೀಲಿನ ಮದ್ದಾದ ಅಡಿಕ್ವಾನ್ ಇಂಜೆಕ್ಷನ್ನನ್ನು ನಾಲ್ಕು ದಿನಕ್ಕೊಮ್ಮೆಯಂತೆ 28 ದಿನ ಮಾಂಸಖಂಡಕ್ಕೆ ಕೊಡಿಸುತ್ತೇನೆ. ನೋವು ಹೆಚ್ಚಿದ ದಿನಗಳಿಗೆ ವೈದ್ಯರು ಬರೆದುಕೊಟ್ಟ ಫಿರೊಕಾಕ್ಸಿಬ್ ಇದೆ; ಅದರ ಜೊತೆ ಬ್ಯೂಟ್ ಎಂಬ ಇನ್ನೊಂದು ನೋವಿನ ಮದ್ದು ಸೇರಿಸಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕೇಡು. ಹಗಲಿಡೀ ಅವನು ಬಯಲಿನಲ್ಲಿರುತ್ತಾನೆ. ತಡಿ ಹಾಕಿದ ಮೇಲೆ ಬಹಳ ಹೊತ್ತು ಬರೀ ನಡಿಗೆ, ನಂತರ ಅಗಲವಾದ ವೃತ್ತದಲ್ಲಿ ನೀಳ ಹೆಜ್ಜೆಯ ಕುಕ್ಕುಲೋಟ. ಪೀಪಾಯಿಯ ಅಭ್ಯಾಸ ಅವನಿಗೆ ಬೇಕಿಲ್ಲ. ಆ ಪಾಠ ಅವನ ಮೈಯಲ್ಲಿದೆ. ಸ್ಪರ್ಧೆಗೆ ಹೋದಲ್ಲಿ ನಾನು ಮೊದಲು ಇಳಿದು ಮಣ್ಣನ್ನು ಕಾಲಿನಿಂದ ಕೆದಕುತ್ತೇನೆ. ತೀರಾ ಗಟ್ಟಿಯಾದರೆ ಕೀಲಿಗೆ ಪೆಟ್ಟು, ತೀರಾ ಆಳವಾದರೆ ಸ್ನಾಯುರಜ್ಜುಗಳಿಗೆ ಎಳೆತ. ಮಣ್ಣು ಸರಿಯಿಲ್ಲದಿದ್ದರೆ ಕಟ್ಟಿದ ಶುಲ್ಕವನ್ನು ಅಲ್ಲೇ ಬಿಟ್ಟು ಮನೆಗೆ ಮರಳುತ್ತೇವೆ.

ಮುದಿ ಕುದುರೆಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಈ ಆಟದ ಚರಿತ್ರೆಯಲ್ಲೇ ಉತ್ತರವಿದೆ. 1948ರಲ್ಲಿ ಟೆಕ್ಸಸ್ಸಿನ ಸ್ಯಾನ್ ಆಂಜೆಲೊ ಊರಿನಲ್ಲಿ 38 ಹೆಂಗಸರು ಸೇರಿ ಕಟ್ಟಿದ ಸಂಘವೇ ಇಂದಿನ ವಿಮೆನ್ಸ್ ಪ್ರೊಫೆಷನಲ್ ರೋಡಿಯೊ ಅಸೋಸಿಯೇಷನ್. ಆ ಸಂಘದ ಶಾರ್ಮೇನ್ ಜೇಮ್ಸ್ ತನ್ನ ಸ್ಕ್ಯಾಂಪರ್ ಎಂಬ ಕುದುರೆಯೊಂದಿಗೆ 1984ರಿಂದ 1993ರವರೆಗೆ ಸತತ ಹತ್ತು ವಿಶ್ವ ಪ್ರಶಸ್ತಿ ಗೆದ್ದಳು. 1985ರ ರಾಷ್ಟ್ರೀಯ ಫೈನಲ್ಸ್‌ನಲ್ಲಿ ಲಗಾಮು ತಲೆಯಿಂದ ಕಳಚಿಹೋದರೂ ಸ್ಕ್ಯಾಂಪರ್ ಮೂರೂ ಪೀಪಾಯಿ ಸುತ್ತಿ ಆ ಸುತ್ತನ್ನು ಗೆದ್ದಿತು. ಅದು ತೀರಿಕೊಂಡದ್ದು 2012ರಲ್ಲಿ, 35ನೆಯ ವಯಸ್ಸಿನಲ್ಲಿ. ಅಂದರೆ ಅದರ ಬಾಳಿನ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದದ್ದು ಆ ಪ್ರಶಸ್ತಿಗಳೆಲ್ಲ ಮುಗಿದ ಮೇಲೆ. ಈಗಿನ ಸ್ಪರ್ಧೆಗಳಲ್ಲಿ ವಿಭಾಗಗಳೂ ಇವೆ. ದಿನದ ಅತಿ ವೇಗದ ಸಮಯಕ್ಕಿಂತ ಅರ್ಧ ಸೆಕೆಂಡ್ ಹಿಂದಿರುವವರಿಗೆ ಎರಡನೆಯ ವಿಭಾಗ, ಒಂದು ಸೆಕೆಂಡ್ ಹಿಂದಿರುವವರಿಗೆ ಮೂರನೆಯದು, ಹೀಗೆ. ಕೆಂಚನಂಥವರಿಗೂ ಅಲ್ಲಿ ಮರ್ಯಾದೆಯ ಜಾಗವಿದೆ. ಗೇಟಿನ ಬಳಿ ಅವನ ಕಿವಿ ನಿಗುರುವುದು, ಮೈ ಬಿಗಿಯುವುದು ನನ್ನ ತೊಡೆಗೆ ಗೊತ್ತಾಗುತ್ತದೆ. ಆ ಉತ್ಸಾಹ ಅವನದೇ. ಅದು ನೋವಿಲ್ಲದೆ ಹೊರಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಹಳೆಯ ಕುದುರೆ ಸಾಕಿದವರಲ್ಲಿ ನನ್ನದೊಂದು ಬೇಡಿಕೆ. ಕೀಲಿಗೆ ಸೂಜಿ ಹಾಕಿಸುವ ಮೊದಲು ಅದು ಯಾರಿಗಾಗಿ ಎಂದು ಕೇಳಿಕೊಳ್ಳಿ. ಬಯಲಿನಲ್ಲಿ ಅದು ಹಾಯಾಗಿ ನಡೆಯಲಿ, ಮಲಗಿ ಏಳಲಿ, ಮನಸ್ಸಾದರೆ ಓಡಲಿ ಎಂದಾದರೆ ಧಾರಾಳವಾಗಿ ಹಾಕಿಸಿ. ಬರುವ ವಾರದ ಸ್ಪರ್ಧೆಗೆ ಮಾತ್ರ ಎಂದಾದರೆ ಸೂಜಿ ಬೇಡ, ತಡಿ ಇಳಿಸಿ.